ಸ್ಕೀ ಬಂದ ವರ್ಷದ ನನ್ನ ತೂಕ

ಅಥವಾ ಎರಡು ಜೋಡಿ ಸ್ಕೀ ಬಂದೇ ಇರಲಿಲ್ಲವೇನೋ. ಒಂದೇ ಬಂದಿದ್ದು, ಇನ್ನೊಂದನ್ನು ಆಮೇಲೆ ನಾನೇ ಸೇರಿಸಿಕೊಂಡೆನೇನೋ. ಆರಿಸಿದೆವು ಎಂದು ಹೇಳಿಕೊಳ್ಳಬೇಕಾದರೆ ಎರಡಾದರೂ ಬೇಕಲ್ಲ. ಆದರೆ ಅತ್ತೆ ಒಂದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಇನ್ನೊಂದನ್ನು ನೆರೆಮನೆಯಾಕೆಯ ಕೈಗೆ ಕೊಟ್ಟದ್ದು ಕಣ್ಣಿಗೆ ಕಟ್ಟಿದಂತಿದೆ. ಕಣ್ಣಿಗೆ ಕಟ್ಟಿದಂತಿರುವುದನ್ನು ನಾನು ನಂಬುವುದಿಲ್ಲ. ಅಷ್ಟು ಸ್ಪಷ್ಟವಾಗಿದೆ ಎಂದರೆ ಅದನ್ನು ಬಹಳ ಸಲ ತಿದ್ದಿದ್ದೇನೆ ಎಂದೇ ಅರ್ಥ. ಇರಲಿ, ಸದ್ಯಕ್ಕೆ ಎರಡು ಜೋಡಿ ಎಂದೇ ಇಟ್ಟುಕೊಳ್ಳುತ್ತೇನೆ.

ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ದಿಲ್ಲಿಗೆ ಹೋದ ಲಾರಿ ಮರಳಿ ಬರುವಾಗ ಅವನ್ನು ತಂದಿತ್ತು. ಇಸವಿ ಎರಡು ಸಾವಿರದ ನಾಲ್ಕೋ ಐದೋ. ಖಾಲಿ ಗೋಣಿಚೀಲಗಳಲ್ಲಿ ಸುತ್ತಿದ್ದರು. ಬಿಚ್ಚಿದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆಗಿಂತ ಮೊದಲು ಖಾರದ ಘಾಟು ಬಂತು, ಎಲ್ಲರೂ ಸೀನಿದರು. ದಿಲ್ಲಿಯಲ್ಲಿ ನಮ್ಮ ಅಂಗಡಿಯ ಮಾಲು ಕೊಳ್ಳುವವರೊಬ್ಬರು ಗುರುತಿನವರ ಕಡೆಯಿಂದ ಎರಡು ಜೋಡಿ ಕಳಿಸಿ, ಪಸಂದಾದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಮುಂದಿನ ಲಾರಿಗೆ ಹಾಕಿ ಎಂದಿದ್ದರು. ನಮ್ಮ ಕಡೆ ಮದುವೆಯ ಸೀರೆಗಳು ಮನೆಗೆ ಬರುವುದೂ ಹೀಗೆಯೇ.

ಹಾವೇರಿಯಲ್ಲಿ ಕಾಲೇಜು ಓದುವಾಗ ನಾನು ಸೇನಾ ತರಬೇತಿಯ ಕೆಡೆಟ್ ಆಗಿದ್ದೆ. ಎರಡು ಚಳಿಗಾಲ ಮನಾಲಿಯ ಕಡೆ ಹಿಮದ ಶಿಬಿರಕ್ಕೆ ಕಳಿಸಿದ್ದರು. ಅಲ್ಲಿ ತೆಗೆಸಿದ ಒಂದು ಫೋಟೊ ಕನ್ಯಾ ನೋಡಲು ಬಂದಾಗ ಹೇಗೋ ಈ ಮನೆಯವರ ಕೈಗೆ ಸಿಕ್ಕಿತು. ಮದುವೆಯಾದ ಮೇಲೆ ನನ್ನ ಗಂಡ ಅದನ್ನು ದಲಾಲಿ ಅಂಗಡಿಯ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. ರೈತರು ಮುಂಗಡ ಕೇಳಲು ಬಂದಾಗ ಬಗ್ಗಿ ನೋಡಿ, ಇವರು ಯಾರು ಎಂದು ಕೇಳುತ್ತಿದ್ದರಂತೆ. ಮೂರನೆಯ ಶಿಬಿರಕ್ಕೆ ಹೋಗಬೇಕೆಂಬ ಆಸೆ ನನ್ನದೋ ಅವರದೋ ಈಗ ಹೇಳಲಾರೆ. ಆದರೆ ಹೋಗಲಿ ಎಂದು ಮನೆಯಲ್ಲಿ ಮೊದಲು ಹೇಳಿದವರು ಅತ್ತೆ. ಸೊಸೆ ಹಿಮದ ಮೇಲೆ ಓಡುತ್ತಾಳೆ ಎಂದು ಓಣಿಗೆಲ್ಲ ಹೇಳಿಕೊಂಡಿದ್ದವರೂ ಅವರೇ.

ಪಡಸಾಲೆಯಲ್ಲಿ ಜಮಖಾನ ಹಾಸಿದರು. ಸ್ಕೀ ಸಾಲಾಗಿ ಮಲಗಿದವು. ಅತ್ತೆ ತಳದ ಮೇಲೆ ಹೆಬ್ಬೆರಳು ಒರೆಸಿ ನೋಡಿದರು, ಕಾಯಿಯ ಒಣಗು ನೋಡುವಾಗ ಮಾಡುವಂತೆ. ನೆರೆಮನೆಯಾಕೆ ಕೆಂಪು ಅಂಚಿನದು ಚಲೋ ಎಂದರು. ಎಲ್ಲರೂ ನನ್ನನ್ನು ನೋಡಿದರು. ನನಗೆ ಮೊದಲು ನಾಚಿಕೆಯಾದದ್ದು ಆಗ. ಶಿಬಿರದಲ್ಲಿ ನಾನು ಎಂದೂ ಸ್ಕೀ ಆರಿಸಿರಲಿಲ್ಲ. ಸಾಲಿನಲ್ಲಿ ನಿಂತರೆ ಹವಾಲ್ದಾರ ಕೊಟ್ಟದ್ದನ್ನು ಹೆಗಲಿಗೆ ಹಾಕಿಕೊಳ್ಳುವುದು, ಅಷ್ಟೇ. ಅವು ಹಳೆಯವು, ನೇರವಾದವು, ಪಟ್ಟಿ ಸವೆದವು. ಇವು ನಡುವಿನಲ್ಲಿ ಸಣ್ಣಗಾಗಿ ತುದಿಗಳಲ್ಲಿ ಅಗಲವಾಗಿದ್ದವು. ಇಂಥದ್ದನ್ನು ನಾನು ಮುಟ್ಟಿಯೂ ಇರಲಿಲ್ಲ. ನನಗೆ ಚೆನ್ನಾಗಿ ಗೊತ್ತಿದ್ದದ್ದು ಬೀಳುವುದು ಹೇಗೆ ಎಂಬುದು ಮಾತ್ರ. ಆದರೂ ಬಲ್ಲವಳಂತೆ ಒಂದನ್ನು ಎತ್ತಿ ನಿಲ್ಲಿಸಿ, ಗದ್ದಕ್ಕೆ ಬರುತ್ತದೋ ಮೂಗಿಗೆ ಬರುತ್ತದೋ ನೋಡಿದೆ. ಗದ್ದಕ್ಕೆ ಬಂದದ್ದನ್ನು ಇಟ್ಟುಕೊಂಡೆವು. ಅದಕ್ಕೇ ಕೆಂಪು ಅಂಚು ಇತ್ತು ಎಂಬುದು ಅನುಮಾನ ಪಡಬೇಕಾದಷ್ಟು ಅನುಕೂಲಕರ ನೆನಪು.

ಇದು ಆಲ್ ಮೌಂಟನ್, ಗಟ್ಟಿ ಹಿಮ ಇರಲಿ, ಹಿಟ್ಟಿನಂಥ ಹಿಮ ಇರಲಿ, ಎಲ್ಲ ಕಡೆಗೂ ಆಗುತ್ತದೆ ಎಂದು ನನ್ನ ಗಂಡ ದಿಲ್ಲಿಯವರ ಮಾತನ್ನು ಒಪ್ಪಿಸಿದರು. ಮಾವ ಕನ್ನಡಕ ತೆಗೆದರು.

“ಕರಿ ಎರಿ ಹೊಲಕ್ಕೂ ನಡೀತೈತಿ, ಕೆಂಪ ಮಸಾರಿಗೂ ನಡೀತೈತಿ ಅಂತ ಬೀಜ ಮಾರಾವ್ರನ್ನ ನಾ ಭಾಳ ಮಂದಿನ್ನ ನೋಡೇನಿ. ಎರಡೂ ಹೊಲದಾಗ ಸುಮಾರನ ಬರ್ತೈತಿ.”

ಆಮೇಲೆ ಬೈಂಡಿಂಗ್ ನೋಡುವುದಿತ್ತು. ಅದೇ ಗೋಣಿಯಲ್ಲಿ ಬಂದಿದ್ದ ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಕೊಂಡಿ ಅದು. ಮುಂದೆ ಒಂದು, ಹಿಮ್ಮಡಿಗೆ ಒಂದು. ಮನೆಯೊಳಗೆ ಬೂಟು ಹಾಕುವುದೆಂದರೆ, ಅದೂ ಮಾವ ಕುಳಿತಿರುವಾಗ, ನಾನು ಅಲುಗಲಿಲ್ಲ. ಅತ್ತೆಯೇ ಒಂದು ಗೋಣಿ ಹಾಸಿ, ಹೊಸವು, ಇನ್ನೂ ನೆಲ ಮುಟ್ಟಿಲ್ಲ ಎಂದರು. ಸೀರೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿ ನಿಂತು ಹಿಮ್ಮಡಿ ಒತ್ತಿದೆ. ಟಕ್ ಎಂದು ಹಿಡಿಯಿತು. ನನ್ನ ಗಂಡ ಕೂತು ಬೂಟನ್ನು ಎರಡೂ ಕೈಯಿಂದ ಹಿಡಿದು ಪಕ್ಕಕ್ಕೆ ತಿರುವಿದರು. ಕೊಂಡಿ ಬಿಟ್ಟು ಕಾಲು ಹೊರಗೆ ಬಂತು. ಮಾಲಿನಲ್ಲಿ ಐಬು ಇದೆ ಎಂದರು ಮಾವ. ಹಾಗಲ್ಲ, ಬಿದ್ದಾಗ ಅದು ಬಿಡಲೇಬೇಕು, ಬಿಡದಿದ್ದರೆ ಮೊಣಕಾಲು ತಿರುಚುತ್ತದೆ, ಬೇಗ ಬಿಟ್ಟರೂ ಕಷ್ಟ ಎಂದು ನಾನು ಹೇಳಿದೆ. ಮನೆಯಲ್ಲಿ ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಎಷ್ಟಕ್ಕೆ ಬಿಡಬೇಕು ಎನ್ನುವುದನ್ನು ಒಂದು ಸ್ಕ್ರೂ ತಿರುಗಿಸಿ ಇಡಬೇಕು, ಅದು ಮೈಯ ತೂಕದ ಮೇಲೆ.

ದಿಲ್ಲಿಗೆ ಫೋನು ಹಚ್ಚಿದರು. ಆ ಕಡೆಯವರು ತೂಕ ಕೇಳಿದರು. ನಾನು ಐವತ್ತೆರಡು ಎಂದೆ. ನನ್ನ ಗಂಡ ಅದನ್ನು ಫೋನಿನಲ್ಲಿ ಕೂಗಿ ಹೇಳುವಷ್ಟರಲ್ಲಿ ಮಾವ ಕೈ ಎತ್ತಿದರು.

“ಬಾಯ್ಲೆ ಹೇಳಿದ್ದು ತೂಕ ಹೆಂಗಾತು? ಕಾಟಾಕ್ಕ ಹಾಕಿ ಹೇಳು.”

ಜೀವನವಿಡೀ ಮಾಲು ತೂಗಿದವರಿಗೆ ಅದು ಸರಳ ಮಾತು. ಅದರಲ್ಲಿ ಅವಮಾನ ಏನೂ ಇರಲಿಲ್ಲ. ನನ್ನ ಗಂಡನಿಗೂ ಸರಿ ಎನಿಸಿತು. ಮೊಣಕಾಲಿನ ಪ್ರಶ್ನೆ, ಅಂದಾಜು ಬೇಡ. ಮರುದಿನ ನನ್ನನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದರು.

ಸುಗ್ಗಿಯ ದಿನ. ಅಂಗಳದ ತುಂಬ ರಾಶಿ. ತೊಟ್ಟು ಬಿಡಿಸುವ ಹೆಂಗಸರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದರು. ನಾನು ತಲೆಯ ಮೇಲೆ ಸೆರಗು ಹೊದ್ದು ನನ್ನ ಗಂಡನ ಹಿಂದೆ ನಡೆದೆ. ಕಾಟಾದ ಮೇಲಿದ್ದ ಚೀಲವನ್ನು ಹಮಾಲರು ಇಳಿಸಿದರು. ಕೆಲಸ ನಿಂತಿತು. ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಿಳಿಯದೆ ಬಿಟ್ಟೇ ಹತ್ತಿದೆ. ಕಬ್ಬಿಣದ ಹಲಗೆ ಬೆಚ್ಚಗಿತ್ತು, ಮೆಣಸಿನ ಬೀಜ ಅಂಗಾಲಿಗೆ ಅಂಟಿದವು. ಒಬ್ಬ ಹಮಾಲ ನಗದೆ ಕೇಳಿದ:

“ಚೀಲದ ತೂಕ ಕಳೀಬೇಕೇನ್ರಿ, ಸಣ್ಣ ಸಾವಕಾರ್ರ?”

ಸೀರೆಯ ಮಾತು. ನನ್ನ ಗಂಡನೂ ನಕ್ಕರು. ತೂಕದವನು ತಮಾಷೆ ಮಾಡುವವನಲ್ಲ. ಅವನು ಗುಂಡು ಸರಿಸಿ, ಕಡ್ಡಿ ನಿಂತದ್ದನ್ನು ನೋಡಿ, ದಿನವೂ ಕೂಗುವ ಹಾಗೆ ಕೂಗಿದ. ಬರೆದುಕೊಳ್ಳುವವನಿಗೆ ಕೇಳಲಿ ಎಂದು ಕೂಗುವುದು ಅಲ್ಲಿಯ ಪದ್ಧತಿ. ಆ ಸಂಖ್ಯೆ ನನಗೆ ನೆನಪಿಲ್ಲ. ನಲವತ್ತರ ಆಸುಪಾಸು. ನಾನು ಹೇಳಿದ್ದಕ್ಕಿಂತ ಬಹಳ ಕಡಿಮೆ, ಎದುರಿಗೆ ಇಳಿಸಿಟ್ಟಿದ್ದ ಚೀಲಕ್ಕಿಂತ ಕಡಿಮೆ. ಕಡ್ಡಿ ಸರಿಯಿಲ್ಲವೇನೋ ಎಂದು ನನ್ನ ಗಂಡ ಮತ್ತೊಮ್ಮೆ ತೂಗಿಸಿದರು. ಅವನು ಅದನ್ನೇ ಮತ್ತೊಮ್ಮೆ ಕೂಗಿದ. ತೊಟ್ಟು ಬಿಡಿಸುತ್ತಿದ್ದವರಲ್ಲಿ ಒಬ್ಬಾಕೆ ಬಟ್ಟೆಯೊಳಗಿಂದಲೇ ಪಕ್ಕದವಳಿಗೆ ಹೇಳಿದಳು, ನನಗೆ ಕೇಳುವಷ್ಟು ಜೋರಾಗಿ:

“ಉಣ್ಣಾಕ ಹಾಕ್ತಾರೋ ಇಲ್ಲೋ, ಸಾವಕಾರ್ರ ಮನ್ಯಾಗ?”

ನಾವು ಮನೆ ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. ಇದರ ತೂಕ ಏನೆಂದು ಹೊರಗಿನವರಿಗೆ ಹೇಳಬೇಕು. ಅತ್ತೆಯ ಅಡಿಗೆಮನೆಯಲ್ಲಿ ಉಣ್ಣದ ಹಮಾಲ ಆ ಅಂಗಡಿಯಲ್ಲಿರಲಿಲ್ಲ. ಕಾಗಿನೆಲೆಗೆ ನಡೆದು ಹೋಗುವವರು ನಮ್ಮ ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದು ಹೋಗುತ್ತಿದ್ದರು. ಅತ್ತೆಗೆ ಊರಿನಲ್ಲಿ ಇದ್ದ ಹೆಸರು ಅದೊಂದೇ, ಉಣ್ಣಿಸುವಾಕೆ ಎಂದು. ಅದನ್ನು ಮಾರುಕಟ್ಟೆಯ ಕಾಟಾದ ಮೇಲೆ ನಾನು ಕೆಡಿಸಿ ಬಂದಿದ್ದೆ, ಸುಮ್ಮನೆ ನಿಂತು.

ಆ ಮಧ್ಯಾಹ್ನ ಗಂಡಸರಿಗಿಂತ ಮೊದಲು ನನಗೆ ತಾಟು ಹಾಕಿದರು. ಆ ಮನೆಯಲ್ಲಿ ಹಾಗೆ ಆದದ್ದೇ ಇಲ್ಲ. ಮಾವ ಬಾಗಿಲ ತನಕ ಬಂದು ನೋಡಿ ಹಿಂದೆ ಹೋದರು. ಅತ್ತೆ ನನ್ನ ಎದುರಿಗೆ ಕೂತರು. ಎರಡು ರೊಟ್ಟಿ, ಬದನೆಕಾಯಿ, ಬೆಣ್ಣೆ. ನಾನು ತಿನ್ನುವುದನ್ನು ನೋಡಿದರು.

“ನಾ ಕಡಿಮಿ ಹಾಕಿದ್ರ ಹೇಳಬೇಕವಾ. ಮಂದಿ ಮುಂದ ತೂಗಿಸಿಕೊಂಡು ಬರಬಾರ್ದು.”

ನೀವು ಕಡಿಮೆ ಹಾಕಿಲ್ಲ ಎನ್ನಬೇಕಿತ್ತು. ಬಾಯಲ್ಲಿ ತುತ್ತು ಇತ್ತು. ತುತ್ತು ಇಳಿಯುವಷ್ಟರಲ್ಲಿ ಅವರು ಎದ್ದಿದ್ದರು. ಇದು ನಿಜವಾಗಿಯೂ ಹೀಗೇ ನಡೆಯಿತೇ ಅಥವಾ ತುತ್ತನ್ನು ನೆಪಕ್ಕಾಗಿ ಬಾಯಲ್ಲಿಟ್ಟುಕೊಂಡಿದ್ದೇನೆಯೇ, ತಿಳಿಯದು.

ವಾರದೊಳಗೆ ನನ್ನ ಅವ್ವ ಹಾವೇರಿಯಿಂದ ಬಸ್ಸು ಹತ್ತಿ ಬಂದಳು, ಕೈಯಲ್ಲಿ ಒಂದು ಡಬ್ಬಿ ಅಂಟಿನುಂಡಿ. ಬಾಣಂತಿಯರಿಗೆ ಕೊಡುವ ಉಂಡಿ. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಳು. ಅತ್ತೆ ಡಬ್ಬಿ ತೆಗೆದುಕೊಂಡು, ಭಾಳ ಚಲೋ ಆತು ಎಂದು, ಚಹಾ ಮಾಡಲು ಹೋದರು. ಒಲೆಯ ಮುಂದೆ ಬಹಳ ಹೊತ್ತು ಬೆನ್ನು ಮಾಡಿ ನಿಂತಿದ್ದರು. ಅವ್ವ ನನ್ನ ರಟ್ಟೆ ಹಿಡಿದು ಅಳತೆ ಮಾಡುತ್ತಿದ್ದಳು. ಬಿಡು ಎಂದು ನಾನು ಕಣ್ಣಲ್ಲೇ ಹೇಳುತ್ತಿದ್ದೆ. ಇಬ್ಬರು ತಾಯಂದಿರ ನಡುವೆ ನನ್ನ ರಟ್ಟೆ ಒಂದು ಸಾಕ್ಷಿಯಂತೆ ಇತ್ತು. ಅದನ್ನು ಸೆರಗಿನೊಳಗೆ ಎಳೆದುಕೊಂಡೆ.

ಆಮೇಲೆ ರಾಣೆಬೆನ್ನೂರಿನ ಡಾಕ್ಟರು. ಜೀಪಿನಲ್ಲಿ ಹೋದೆವು. ಅತ್ತೆ ನನ್ನ ಪಕ್ಕ, ಹಿಂದೆ ಗೋಣಿಯಲ್ಲಿ ಸುತ್ತಿದ ಸ್ಕೀ, ಏಕೆಂದರೆ ಅಲ್ಲಿ ನನ್ನ ಗಂಡನ ಗೆಳೆಯರ ಎಣ್ಣೆ ಗಿರಣಿ ಇತ್ತು, ಅದರ ಹಿಂದೆ ಶೇಂಗಾ ಹೊಟ್ಟಿನ ದೊಡ್ಡ ಗುಡ್ಡೆ. ಒಂದೇ ದಿನ ಎರಡೂ ನಡೆದವು ಎಂದು ಬರೆಯಲು ಕೈ ಹಿಂಜರಿಯುತ್ತದೆ. ಬೇರೆ ಬೇರೆ ದಿನ ಇದ್ದಿರಬಹುದು, ನೆನಪು ಎರಡನ್ನೂ ಒಂದೇ ಜೀಪಿಗೆ ತುಂಬಿರಬಹುದು.

ಡಾಕ್ಟರಮ್ಮ ಕಣ್ಣು, ನಾಲಿಗೆ, ಉಗುರು ನೋಡಿದರು. ರಕ್ತ ತೆಗೆದರು. ಏನೂ ಇರಲಿಲ್ಲ. ಬಸಿರೂ ಇರಲಿಲ್ಲ, ರೋಗವೂ ಇರಲಿಲ್ಲ. ಪೆನ್ನು ಕೆಳಗಿಟ್ಟು ಸಹಜವಾಗಿ ಕೇಳಿದರು:

“ಮನ್ಯಾಗ ಎಲ್ಲಾ ಆರಾಮ ಐತೇನು?”

ಅತ್ತೆ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಆರಾಮರಿ ಎಂದೆ. ಆದರೆ ತಕ್ಷಣ ಅನ್ನಲಿಲ್ಲ. ಎಷ್ಟು ತಡವಾಯಿತು? ಒಂದು ಉಸಿರು ಇರಬಹುದು. ಯಾರನ್ನೂ ದೂರಬೇಕೆಂದು ತಡೆದದ್ದಲ್ಲ. ಆರಾಮವೇ ಎಂದು ಯಾರೂ ಅದುವರೆಗೆ ಕೇಳಿರಲಿಲ್ಲ, ಹುಡುಕಿ ನೋಡಿ ಹೇಳೋಣ ಎಂದು ಒಳಗೆ ಹೋಗಿದ್ದೆ, ಅಷ್ಟೇ. ನಾನು ಹೊರಗೆ ಬರುವಷ್ಟರಲ್ಲಿ ಅತ್ತೆ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಆ ಕೈಗಳ ಮೇಲೆ ರೊಟ್ಟಿ ಬಡಿದು ಬಡಿದು ಗಡುಸಾದ ಚರ್ಮವಿತ್ತು. ಇಡೀ ಕತೆಯಲ್ಲಿ ನನ್ನ ನಿದ್ದೆ ಕೆಡಿಸುವುದು ಕಾಟಾ ಅಲ್ಲ, ಆ ಒಂದು ಉಸಿರು.

ಗಿರಣಿಯ ಹಿಂದೆ ನನ್ನ ಗಂಡ ಸ್ಕ್ರೂ ಡ್ರೈವರ್ ತೆಗೆದು, ಕಾಟಾ ಹೇಳಿದ ತೂಕಕ್ಕೆ ದಿಲ್ಲಿಯವರು ತಿಳಿಸಿದ ಅಂಕಿಯನ್ನು ಬೈಂಡಿಂಗಿನ ಸಣ್ಣ ಕಿಟಕಿಯಲ್ಲಿ ಬರುವಂತೆ ತಿರುಗಿಸಿದರು, ನಾಲ್ಕೂ ಕಡೆ. ನಾನು ಚೂಡಿದಾರದಲ್ಲಿ ಬೂಟು ಹಾಕಿ ಹೊಟ್ಟಿನ ಗುಡ್ಡೆ ಹತ್ತಿದೆ. ಮೊಣಕಾಲುದ್ದ ಹೂತು ಹೋಗುತ್ತಿತ್ತು. ಮೇಲೆ ನಿಂತು ಟಕ್ ಟಕ್ ಎನಿಸಿ ಇಳಿದೆ. ಹೊಟ್ಟು ಹಿಮವಲ್ಲ. ನಾಲ್ಕಾರು ಮಾರು ಹೋಗಿ ತುದಿ ಹೂತಿತು, ಮೈ ತಿರುಗಿತು, ಬಿದ್ದೆ. ಬಲಗಾಲಿನ ಕೊಂಡಿ ಬಿಟ್ಟಿತು. ಕಾಲಿಗೆ ಏನೂ ಆಗಲಿಲ್ಲ. ಗಿರಣಿಯವರು ಚಪ್ಪಾಳೆ ತಟ್ಟಿದರು. ಅತ್ತೆ ಜೀಪಿನಿಂದ ಇಳಿದು ಹೊಟ್ಟಿನಲ್ಲಿ ಕಾಲಿಟ್ಟು ಅರ್ಧದವರೆಗೆ ಬಂದಿದ್ದರು. ನನ್ನ ಗಂಡ ಅವರ ಕಡೆ ತಿರುಗಿ, ಮನಸಾರೆ ಹಿಗ್ಗಿ ಹೇಳಿದರು:

“ನೋಡವಾ, ಖರೇ ತೂಕ ಹಾಕಿದ್ದಕ್ಕ ಬರೋಬ್ಬರಿ ಬಿಡ್ತು.”

ಅತ್ತೆ ನಿಂತರು. ಬಂದ ಹೆಜ್ಜೆಗಳಲ್ಲೇ ಕಾಲಿಡುತ್ತಾ ಹಿಂದೆ ಹೋಗಿ ಜೀಪಿನಲ್ಲಿ ಕೂತರು. ನಾನು ಹೊಟ್ಟಿನಲ್ಲಿ ಬಿದ್ದಲ್ಲೇ ಇದ್ದೆ, ಕೂದಲು, ಕಿವಿ, ಬಾಯಿ ತುಂಬ ಹೊಟ್ಟು. ಮಾಲು ಚಲೋ ಇತ್ತು. ಆರಿಸಿದ್ದು ಸರಿಯಾಗಿತ್ತು. ಖುಷಿ ಪಡಬೇಕಾದ ಗಳಿಗೆಯಲ್ಲಿ ನನಗೆ ಏಳಲು ಮುಖವಿರಲಿಲ್ಲ.

ಬ್ಯಾಡಗಿಗೆ ಮರಳುವಾಗ ಅತ್ತೆ ಒಂದೇ ಒಂದು ಮಾತು ಕೇಳಿದರು. ಅಲ್ಲಿ ಶಿಬಿರದಲ್ಲೂ ತೂಗುತ್ತಾರೇನು ಎಂದು. ಹೌದು ಎಂದೆ. ಹಾಗಾದರೆ ಸ್ವಲ್ಪ ಮೈ ಬರಲಿ, ಆಮೇಲೆ ಹೋಗಲಿ ಎಂದು ಕಿಟಕಿಯ ಕಡೆ ಹೇಳಿದರು. ಆ ವರ್ಷ ಹೋಗಲಿಲ್ಲ. ಯಾರೂ ಬೇಡವೆನ್ನಲಿಲ್ಲ, ನಾನೂ ಕೇಳಲಿಲ್ಲ. ದಿನಕ್ಕೆರಡು ಸಲ ಅತ್ತೆ ಎದುರು ಕೂತು ನನಗೆ ಉಣ್ಣಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಮುಂದೆ ಒಂದು ಚಳಿಗಾಲ ಹೋಗಿ ಬಂದೆ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ವರ್ಷಗಳ ಮೇಲೆ ಅತ್ತೆ ಬಂದವರಿಗೆ ಹೇಳುತ್ತಿದ್ದರು, ನಮ್ಮ ಮನೆಗೆ ಕಾಲಿಟ್ಟಾಗ ಇವಳು ಹೀಗಿದ್ದಳು ಎಂದು ಕಿರುಬೆರಳು ಎತ್ತಿ ತೋರಿಸಿ. ನಾನು ಪಕ್ಕದಲ್ಲಿ ನಿಂತು ಹೌದ್ರಿ, ಮೊದಲಿನಿಂದಲೂ ಹಾಗೇ ಎನ್ನುತ್ತಿದ್ದೆ. ಅವರ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿದ್ದೆ, ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಈಗ, ಅದು ಸುಳ್ಳೇ ಆಗಿತ್ತೇ ಎಂಬುದೇ ನನ್ನನ್ನು ಹಿಡಿದಿದೆ. ಐವತ್ತೆರಡು ಎಂದು ನಾನು ಹೇಳಿದ್ದು ಕಾಲೇಜಿನಲ್ಲಿ ಶಿಬಿರಕ್ಕೆ ಕಳಿಸುವ ಮೊದಲು ತೂಗಿದ್ದು. ತೂಕ ಸಾಲದವರನ್ನು ಅಲ್ಲಿ ಹಿಂದೆ ಕಳಿಸುತ್ತಿದ್ದರು. ಅದಕ್ಕೆ ಸಣಕಲು ಹುಡುಗಿಯರು ಬಾಳೆಹಣ್ಣು ತಿಂದು, ತಂಬಿಗೆಗಟ್ಟಲೆ ನೀರು ಕುಡಿದು, ಬೂಟು ಬೆಲ್ಟು ಸಮೇತ ನಿಲ್ಲುತ್ತಿದ್ದರು. ಜೇಬಿನಲ್ಲಿ ಕಲ್ಲು ಹಾಕಿಕೊಂಡವಳೂ ಇದ್ದಳು. ಆ ಸಾಲಿನಲ್ಲಿ ನಾನೂ ಇದ್ದೆ. ನೀರು ಕುಡಿದಿದ್ದೆನೇ, ಎಷ್ಟು ಕುಡಿದಿದ್ದೆ, ಏನು ತೊಟ್ಟಿದ್ದೆ, ಕಾಣುವುದಿಲ್ಲ. ಮದುವೆಯ ಕುಪ್ಪಸಗಳು ಸಡಿಲವಾಗಿದ್ದವು ನಿಜ, ಆದರೆ ಮದುವೆಯ ಕುಪ್ಪಸವನ್ನು ದರ್ಜಿ ಸಡಿಲವಾಗಿಯೇ ಹೊಲಿದಿರುತ್ತಾನೆ.

ಅತ್ತೆ ಈಗ ಇಲ್ಲ. ಆ ಮನೆಗೆ ಬಂದ ಮೇಲೆ ನಾನು ಇಳಿದೆನೋ, ಬರುವಾಗಲೇ ಅಷ್ಟಿದ್ದೆನೋ, ನನಗೆ ಗೊತ್ತಿಲ್ಲ.