ಹೊಗೆಮನೆಯ ಬೆಳ್ಳಿ

ಆ ಬೇಸಿಗೆಯ ಬಗ್ಗೆ ಸಿಹಿ ಹಚ್ಚಿ ಹೇಳುವುದು ನನ್ನಿಂದ ಆಗದು. ಆಗ ಕಡಬದ ನಮ್ಮ ರಬ್ಬರ್ ತೋಟದ ಅಂಚಿನಲ್ಲಿ ಹಲಸು ಹಣ್ಣಾಗಿ ಘಮ್ಮೆನ್ನುತ್ತಿತ್ತು. ಶಾಲೆಗೆ ರಜೆ. ಒಣಗಿದ ರಬ್ಬರ್ ಹಾಲಿನ ಎಳೆಗಳನ್ನು ಸುತ್ತಿ ಸುತ್ತಿ ನಾವು ಮಾಡಿದ ಚೆಂಡು ಮನೆಯ ಮಾಡನ್ನೇ ಹಾರಿ ಹೋಗುತ್ತಿತ್ತು. ಎಲ್ಲವೂ ಇತ್ತು. ಆದರೂ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನನಗಾಗ ಹನ್ನೆರಡು ವರ್ಷ. ಅದರ ಹಿಂದಿನ ವರ್ಷ ಅಪ್ಪ ಒಂದು ಬಿಳಿ ಹೆಣ್ಣು ಕುದುರೆಮರಿ ತಂದಿದ್ದರು. ಹೆಸರು ಬೆಳ್ಳಿ. ಪುತ್ತೂರಿನಲ್ಲಿ ಮದುವೆ ದಿಬ್ಬಣಕ್ಕೆ ಕುದುರೆ ಕೊಡುವ ವಿಠಲಣ್ಣನನ್ನು ನೋಡಿ ಹತ್ತಿದ ಹುಚ್ಚು ಅದು. ಬೆಳ್ಳಿ ಬೆಳೆಯಬೇಕು, ವಿಠಲಣ್ಣನ ಗಂಡುಕುದುರೆಯಿಂದ ಮರಿ ಹಾಕಬೇಕು, ನಮ್ಮ ಅಂಗಳದ ತುಂಬ ಬಿಳಿ ಕುದುರೆಗಳು ಓಡಾಡಬೇಕು! ಅಜ್ಜ ಕೇರಳದಿಂದ ಬಂದು ನೆಲೆಸಿದವರು, ನಮ್ಮ ಮನೆಮಾತು ಮಲಯಾಳ. ಕುದುರೆಯ ಸುದ್ದಿ ಬಂದರೆ ಮಾತ್ರ ಅಪ್ಪ ಮನೆಯೊಳಗೂ ವಿಠಲಣ್ಣನ ಹಾಗೆ ಕನ್ನಡದಲ್ಲೇ ಮಾತಾಡುತ್ತಿದ್ದರು.

ಬೆಳ್ಳಿಯನ್ನು ಕಟ್ಟಿದ್ದು ಹೊಗೆಮನೆಯಲ್ಲಿ. ರಬ್ಬರ್ ಶೀಟನ್ನು ಹೊಗೆ ಹಾಕಿ ಒಣಗಿಸುವ ಕಿಟಕಿಯಿಲ್ಲದ ಕೋಣೆ ಅದು. ನಾವು ಶೀಟು ಮಾಡುವುದನ್ನು ಬಿಟ್ಟು ರಬ್ಬರ್ ಹಾಲನ್ನೇ ಮಾರತೊಡಗಿದ ಮೇಲೆ ಖಾಲಿ ಬಿದ್ದಿತ್ತು. ಶೀಟಿಗೆ ಬಿಸಿಲು ತಾಗಿದರೆ ಕೆಟ್ಟಿತು ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದ ಅಪ್ಪ ಕುದುರೆಗೂ ಅದನ್ನೇ ಅನ್ವಯಿಸಿದರು. ಬಿಳಿ ಮೈ ಕಪ್ಪಾಗುತ್ತದಂತೆ, ಗುಲಾಬಿ ಮೂತಿ ಸುಲಿಯುತ್ತದಂತೆ. ಅವಳನ್ನು ಹೊರಗೆ ಬಿಡುತ್ತಿದ್ದುದು ಮುಸ್ಸಂಜೆಗೆ ಮಾತ್ರ. ನಾನು ಹಲಸಿನ ತೊಳೆ ಹಿಡಿದು ಒಳಗೆ ಹೋದರೆ ಕತ್ತಲಲ್ಲಿ ಮೊದಲು ಕೈಗೆ ತಾಗುತ್ತಿದ್ದದ್ದು ಅವಳ ಬೆಚ್ಚನೆಯ ತುಟಿ. ಅವಳ ಕುತ್ತಿಗೆಯ ಕೂದಲಿಗೆಲ್ಲ ಹಳೆಯ ಹೊಗೆಯ ವಾಸನೆ.

ಎರಡು ವರ್ಷ ತುಂಬಿದರೂ ಬೆಳ್ಳಿ ಬೆದೆಗೆ ಬರಲಿಲ್ಲ. ವಿಠಲಣ್ಣ ಎರಡು ಸಲ ಗಂಡುಕುದುರೆ ತಂದು ನೋಡಿ ತಲೆಯಾಡಿಸಿ ಹೋದ. ಅಪ್ಪ ಊಟಕ್ಕೆ ಕೂತಲ್ಲೇ ತೀರ್ಪು ಕೊಟ್ಟರು. "ಮಳೆ ಹಿಡಿಯುವ ಮೊದಲು ಬೆದೆಗೆ ಬಂದ್ರೆ ಇಟ್ಟುಕೊಳ್ಳುದು. ಇಲ್ಲದಿದ್ರೆ ಕೊಟ್ಟುಬಿಡುದು."

ನಾನು ಮರಗೆಣಸಿನ ತಟ್ಟೆ ದೂರ ಸರಿಸಿದೆ. ಅಮ್ಮ ಮಾತ್ರ ಮೆಲ್ಲ ಹೇಳಿದಳು. "ಅದಕ್ಕೆ ಬೆಳಕು ಬೇಕು. ಮಳೆಗಾಲದ ಕತ್ತಲಿಗೆ ನನ್ನ ಕೋಳಿಗಳು ಮೊಟ್ಟೆ ನಿಲ್ಲಿಸ್ತವೆ. ಸಂಜೆ ಗೂಡಲ್ಲಿ ಎರಡು ಗಂಟೆ ಬಲ್ಬ್ ಹಾಕಿದ್ರೆ ಪುನಃ ಇಡ್ತವೆ. ಹಗಲು ಉದ್ದ ಆಯ್ತು ಅಂತ ಮೈಗೆ ಗೊತ್ತಾಗ್ಬೇಕು."

ಅಪ್ಪ ಕೇಳಿಸಿಕೊಳ್ಳಲೇ ಇಲ್ಲ.

ಮರುವಾರ ಅಪ್ಪ ಮಂಡೆಕೋಲಿನ ನೆಂಟರ ಮನೆಗೆ ಹೋದರು. ಅಮ್ಮ ಬೆಳ್ಳಿಯನ್ನು ಎಳೆದು ತಂದು ಅಂಗಳದ ಮಾವಿನ ಮರಕ್ಕೆ ಕಟ್ಟಿದಳು. ಬೆಳಕಿಗೆ ಬೆಳ್ಳಿ ಕಣ್ಣು ಪಿಳಿಪಿಳಿ ಮಾಡಿ, ಆಮೇಲೆ ನೆಲದಲ್ಲಿ ಹೊರಳಾಡಿ ಕೆನೆದಳು. ಅವಳು ಹಾಗೆ ಕೆನೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೂರು ದಿನ ಅಂಗಳವೆಲ್ಲ ಅವಳದ್ದೇ.

ನಾಲ್ಕನೆಯ ದಿನ ಅಪ್ಪ ವಿಠಲಣ್ಣನ ಜೊತೆ ಜೀಪಿನಿಂದ ಇಳಿದರು. ಬೆಳ್ಳಿಯ ಮೂತಿ ಸ್ವಲ್ಪ ಕೆಂಪಾಗಿತ್ತು. ಅಷ್ಟು ಸಾಕಾಯಿತು.

"ಯಾರು ಹೊರಗೆ ಕಟ್ಟಿದ್ದು?"

"ನಾನು. ಇನ್ನೊಂದು ತಿಂಗಳು ಹೀಗೇ ಇರ್ಲಿ, ಮೂತಿಗೆ ತೆಂಗಿನೆಣ್ಣೆ ಹಚ್ಚುವ," ಎಂದಳು ಅಮ್ಮ. ಕೋಳಿಯ ಮಾತನ್ನು ಮತ್ತೊಮ್ಮೆ ಹೇಳಿದಳು.

ಅಪ್ಪ ವಿಠಲಣ್ಣನ ಕಡೆ ತಿರುಗಿದರು. "ಕೇಳಿದ್ರಾ ಮಾರಾಯ್ರೆ? ಇನ್ನು ಬೆಳ್ಳಿ ಮೊಟ್ಟೆ ಇಡ್ತಾಳಂತೆ!"

ವಿಠಲಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ರಬ್ಬರ್ ಹಾಲು ತೆಗೆಯುವ ಆಳುಗಳು ನಕ್ಕರು. ನಾನೂ ನಕ್ಕೆ. ಜೋರಾಗಿಯೇ ನಕ್ಕೆ, ಅಪ್ಪನಿಗೆ ಕೇಳಲಿ ಎಂದು.

ಸಂಜೆಯೊಳಗೆ ಹೊಗೆಮನೆಗೆ ಬೀಗ ಬಿತ್ತು. ಮೊದಲ ಮಳೆ ಬಿದ್ದ ವಾರ ಬೆಳ್ಳಿಯನ್ನು ಟೆಂಪೋಗೆ ಹತ್ತಿಸಿದರು. "ಗೊಡ್ಡನ್ನು ಸಾಕಿ ಎಂತ ಮಾಡುದು?" ಎಂದರು ಅಪ್ಪ, ಅಮ್ಮನ ಎದುರೇ. ನಾನು ಹುಟ್ಟುವ ಮೊದಲು ಎಂಟು ವರ್ಷ ಅಮ್ಮ ಇದೇ ಮನೆಯಲ್ಲಿ ಆ ಶಬ್ದ ಕೇಳಿದವಳು. ಥೂ, ಹೇಳುವ ಬಾಯಿಗೆ ಅಷ್ಟೂ ನೆನಪಿಲ್ಲವೇ!

ಮಾರನೆಯ ಬೇಸಿಗೆಯಲ್ಲಿ ವಿಠಲಣ್ಣ ಬಂದು ಜಗಲಿಯಲ್ಲಿ ಕೂತು ಹೇಳಿದ. "ನಿಮ್ಮ ಬೆಳ್ಳಿ ಗಬ್ಬ ಆಗಿದ್ದಾಳೆ ಮಾರಾಯ್ರೆ! ತಕ್ಕೊಂಡವ ಇಡೀ ದಿನ ಗದ್ದೆಯಲ್ಲೇ ಕಟ್ಟುದು."

"ಎಂತದೋ ಮದ್ದು ಕೊಟ್ಟಿರ್ಬೇಕು," ಎಂದರು ಅಪ್ಪ.

ಅಮ್ಮ ಅಲ್ಲೇ ಮೀನು ಶುಚಿ ಮಾಡುತ್ತಿದ್ದಳು. ಈಗ ಹೇಳುತ್ತಾಳೆ, ನಾನು ಹೇಳಿರಲಿಲ್ವಾ ಅಂತ ಕೇಳುತ್ತಾಳೆ ಎಂದು ನಾನು ಕಾದೆ. ಅವಳು ಇನ್ನೊಂದು ಮೀನು ಕೈಗೆತ್ತಿಕೊಂಡಳು.

ಈಗ ನಾನು ಪಶುವೈದ್ಯೆ. ತರಗತಿಯಲ್ಲಿ ಮೇಷ್ಟ್ರು ಕುದುರೆಯ ಪಾಠ ಮಾಡಿದ ದಿನ ನಾನು ಬರೆಯುವುದನ್ನೇ ನಿಲ್ಲಿಸಿ ಕೇಳಿದೆ. ಹಗಲು ಉದ್ದವಾಗುವುದನ್ನು ಕಣ್ಣು ಕಂಡು ಮಿದುಳಿಗೆ ತಿಳಿಸಬೇಕು, ಆಗಲೇ ಎಳೆಯ ಹೆಣ್ಣುಕುದುರೆಯ ಅಂಡಾಶಯ ಎಚ್ಚರಗೊಳ್ಳುವುದು. ಆ ಸುದ್ದಿ ಸರಿಯಾಗಿ ಮುಟ್ಟದಿದ್ದರೆ ಬೆದೆ ತಡವಾಗುತ್ತದೆ. ತಡವಾಗುವುದು ಅಷ್ಟೇ, ಗೊಡ್ಡಲ್ಲ! ಏಳನೆಯ ತರಗತಿ ಓದಿದ ಅಮ್ಮ ಕೋಳಿಗೂಡಿನ ಮುಂದೆ ಕೂತು ಕಂಡುಕೊಂಡಿದ್ದನ್ನು ನಾನು ಐದು ವರ್ಷ ಓದಿ ಕಲಿತೆ.

ಕಳೆದುಹೋದದ್ದು ಕುದುರೆ ಒಂದೇ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮೊದಲೆಲ್ಲ ಮೆಣಸಿನ ಬಳ್ಳಿ ಯಾಕೆ ಬಾಡಿತು, ದನ ಯಾಕೆ ಮೇವು ಬಿಟ್ಟಿತು ಎಂದರೆ ಅಮ್ಮನೇ ಉತ್ತರ ಹುಡುಕುತ್ತಿದ್ದಳು. ಆ ಬೇಸಿಗೆಯ ನಂತರ ಏನು ಕೇಳಿದರೂ ಒಂದೇ ಮಾತು: "ಅಪ್ಪನ ಹತ್ರ ಕೇಳು."

ಕುದುರೆಯ ಆ ಪಾಠ ಮುಗಿದದ್ದೇ ಅಮ್ಮನಿಗೆ ಫೋನ್ ಮಾಡಿದ್ದೆ. "ಅಮ್ಮಾ, ಬೆಳ್ಳಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಪುಸ್ತಕದಲ್ಲಿ ಉಂಟು. ಅವರೆಲ್ಲ ಸುಮ್ಮನೆ ನಕ್ಕರಲ್ಲ!"

ಆ ಕಡೆ ಕೋಳಿಗಳ ಸದ್ದು ಕೇಳುತ್ತಿತ್ತು. ಅಮ್ಮ ಅವುಗಳನ್ನು ಹುಶ್ ಎಂದು ಅಟ್ಟಿದಳು.

"ಅವರು ನಕ್ಕದ್ದು ಇರ್ಲಿ ಮಗಾ," ಎಂದಳು. "ನೀನೂ ನಕ್ಕಿದ್ದಿ ಅಲ್ವಾ."