ನಾಲ್ಕನೇ ಖೋಲಿಯ ಕಿಟಕಿ

ಅಜವಾನ ಸುಟ್ಟ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಕಿಟಕಿ ಹುಡುಕತೊಡಗುತ್ತೇನೆ. ಹೋದ ವಾರ ಜಮಖಂಡಿಯ ಗೆಳೆಯನ ಮನೆಗೆ ಕೂಸು ನೋಡಲು ಹೋಗಿದ್ದೆ. ಚಹಾ ಬರುವ ಮೊದಲೇ ಎದ್ದು ಅವರ ಎರಡೂ ಕಿಟಕಿ ತೆರೆದೆ. ಗೆಳೆಯನ ತಾಯಿ ಬಂದು ಮುಚ್ಚಿದರು. ನಾನು ಮತ್ತೆ ತೆರೆದೆ.

“ಯಾಕೋ ತಮ್ಮಾ, ನಮ್ಮ ಮನ್ಯಾಗ ಉಸಿರಾಡಾಕ ಆಗವಲ್ದೇನು?” ಎಂದರು.

ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ನಮ್ಮದು ಹನ್ನೊಂದು ಮಂದಿಯ ಕುಟುಂಬ. ನೌಕರಿಯ ಕಾರಣಕ್ಕೆ ಅರ್ಧ ಮಂದಿ ಜಮಖಂಡಿಯಲ್ಲಿ, ಅರ್ಧ ಮಂದಿ ಮುಧೋಳದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ನಿವೃತ್ತರಾದ ಮೇಲೆ ನಮ್ಮ ಕಾಕಾಗೆ ಎಲ್ಲರನ್ನೂ ಒಂದೇ ಕಡೆ ಕೂಡಿಹಾಕುವ ಹುಕಿ ಬಂತು. ಅನಗವಾಡಿಯ ಕಡೆ ಘಟಪ್ರಭೆಯ ದಂಡೆಗೆ ಯಾರೋ ಒಂದು ಸಣ್ಣ ರೆಸಾರ್ಟ್ ಕಟ್ಟಿಸಿ, ಮಂದಿ ಬಾರದೆ ಮುಚ್ಚಿಕೊಂಡು ಹೋಗಿದ್ದರು. ಸಾಲಾಗಿ ಆರು ಖೋಲಿ, ಎಲ್ಲಕ್ಕೂ ಎಸಿ, ನದಿಯ ಕಡೆ ಗೋಡೆಯಗಲದ ಗಾಜಿನ ಕಿಟಕಿ, ಮುಂದುಗಡೆ ಊಟದ ಹಾಲ್. ಕಾಕಾ ಅದನ್ನು ಕೊಂಡೇಬಿಟ್ಟರು.

“ಒಂದೊಂದು ಸಂಸಾರಕ್ಕ ಒಂದೊಂದು ಖೋಲಿ. ಇನ್ನ ಯಾರ ಬಾಯಿ ಯಾರಿಗೂ ಕೇಳಂಗಿಲ್ಲ ನೋಡ್ರಿ,” ಎಂದು ಅವರು ಹೇಳಿದಾಗ ಎಲ್ಲರೂ ನಕ್ಕೆವು.

ರೆಸಾರ್ಟಿನಲ್ಲಿ ಸಂಸಾರ ಹೂಡಿ ನೋಡಿದವರಿಗೇ ಅದರ ತಾಪತ್ರಯ ಗೊತ್ತು. ಅಡುಗೆಮನೆ ಹಿತ್ತಲ ತುದಿಗೆ. ರೊಟ್ಟಿ ಆರನೇ ಖೋಲಿ ಮುಟ್ಟುವಷ್ಟರಲ್ಲಿ ಹಪ್ಪಳದಂತಾಗುತ್ತಿತ್ತು. ಸ್ವಾಗತದ ಕೌಂಟರಿನ ಮೇಲೆ ಮನೆದೇವರು ಬೀರಪ್ಪನ ಫೋಟೋ, ಅದರ ಕೆಳಗೆ ಜೋಳದ ಚೀಲ. ಮಕ್ಕಳು ಅತ್ತಿ, ಕಾಕು ಎನ್ನುವುದನ್ನು ಬಿಟ್ಟು “ಎರಡನೇ ನಂಬರಿನವರು ಸಕ್ಕರಿ ಕೇಳಾಕತ್ತಾರ” ಎನ್ನತೊಡಗಿದವು. ಒಮ್ಮೆ ವಿಜಯಪುರದ ಹೊಸ ಜೋಡಿಯೊಂದು ಬ್ಯಾಗು ಹಿಡಿದು ಬಂದು ಖೋಲಿ ಕೇಳಿತು. ಕಾಕಾ ಅವರಿಗೆ ಊಟ ಹಾಕಿಸಿ, ಇದು ಮನೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು.

ಎಂಬತ್ತು ದಾಟಿದ ನಮ್ಮ ಆಯಿ, ಅಂದರೆ ಕಾಕಾನ ತಾಯಿ, ಮೊದಲ ದಿನವೇ ತೀರ್ಪು ಕೊಟ್ಟಿದ್ದಳು: “ಇದು ಮನಿಯೋ ದವಾಖಾನಿಯೋ? ಹೊಸ್ತಿಲಾ ಇಲ್ಲ, ನಂಬರ ಐತಿ.”

ಖೋಲಿಗಳನ್ನು ಮನೆಯಾಗಿಸುವ ಉಸ್ತುವಾರಿ ನನ್ನದು. ಮನೆಯಲ್ಲಿ ಬಿ.ಎಸ್ಸಿ. ಓದಿದವನು ನಾನೊಬ್ಬನೇ, ಅದನ್ನು ಯಾರೂ ಮರೆಯದಂತೆ ನೋಡಿಕೊಂಡಿದ್ದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಕರಿ ಬೂದಿ ಗಾಳಿಯಲ್ಲಿ ತೇಲಿಬಂದು ಹಾಸಿಗೆಯ ಮೇಲೆ ಕೂಡುತ್ತಿತ್ತು. ಗಾಜಿನ ಅಂಚುಗಳಿಗೆಲ್ಲ ನಾನೇ ಕೈಯಾರೆ ಅಂಟು ತುಂಬಿದೆ. ಗಾರೆ ಕೆಲಸದ ಗೌಂಡಿ ಗಾಳಿಯಾಡಲು ಖೋಲಿಗೊಂದು ಬೆಳಕಿಂಡಿ ತೆಗೆಯಲೇ ಎಂದು ಕೇಳಿದಾಗ, ಎಸಿಯ ತಂಪು ಸೋರಿಹೋಗುತ್ತದೆ ಎಂದು ಅವನಿಗೇ ಪಾಠ ಮಾಡಿದೆ.

ಆ ಚಳಿಗಾಲದಲ್ಲಿ ತಂಗಿ ರೇಣುಕಾ ಚೊಚ್ಚಲ ಬಾಣಂತನಕ್ಕೆ ಬಂದಳು. ಅವಳಿಗೆ ನಾಲ್ಕನೇ ಖೋಲಿ. ನಮ್ಮಲ್ಲಿ ನೀರೆರೆದ ಮೇಲೆ ಬಾಣಂತಿಯನ್ನೂ ಕೂಸನ್ನೂ ಹಗ್ಗದ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಬೋಗುಣಿ ಇಟ್ಟು, ಅಜವಾನ ಉದುರಿಸಿ ಕಾಯಿಸುತ್ತಾರೆ. ಗಾಳಿ ಬಡಿಯಬಾರದೆಂದು ಆಯಿ ತನ್ನ ಕರಿ ಕಂಬಳಿಯನ್ನು ಸುರುಳಿ ಸುತ್ತಿ ಬಾಗಿಲ ಕೆಳಗಿನ ಸಂದಿಗೂ ತುರುಕುತ್ತಿದ್ದಳು. ಹಂಚಿನ ಮನೆಯಲ್ಲಿ ಎಷ್ಟೋ ಬಾಣಂತಿಯರಿಗೆ ಹೀಗೇ ಮಾಡಿದ ಕೈ ಅದು. ನಾಲ್ಕು ದಿನದಿಂದ ರೇಣುಕಾ ತಲೆನೋವು ಎನ್ನುತ್ತಿದ್ದಳು. ಆಯಿ ನಂಜು ಎಂದಳು. ನಾನು ಮೊಬೈಲ್ ನೋಡುವುದು ಕಡಿಮೆ ಮಾಡು ಎಂದೆ.

ಐದನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕೂಸು ಅಳುತ್ತಿತ್ತು. ಮುಚ್ಚಿದ ಬಾಗಿಲಾಚೆಯಿಂದ ಸಣ್ಣಗೆ ಕೇಳುತ್ತಿದ್ದ ಆ ಅಳು ನಡುವೆಯೇ ನಿಂತಿತು. ನಿದ್ದೆ ಬಂದ ಕೂಸಿನ ಅಳು ಹಾಗೆ ನಿಲ್ಲುವುದಿಲ್ಲ. ಇಳಿಯುತ್ತ ಇಳಿಯುತ್ತ ನಿಲ್ಲುತ್ತದೆ. ಬಾಗಿಲು ಬಡಿದೆ. ಕಟ್ಟೆಯ ಮೇಲೆ ಕೂತಿದ್ದ ಆಯಿ ಕೋಲೆತ್ತಿದಳು.

“ಬಾಣಂತಿ ಖೋಲ್ಯಾಗ ಗಂಡಸರದೇನು ಕೆಲಸಲೇ? ಈಗರೆ ಮಲಗ್ಯಾಳ.”

ರೇಣುಕಾಗೆ ಫೋನ್ ಮಾಡಿದೆ. ಒಳಗೆ ರಿಂಗಾಗಿ ರಿಂಗಾಗಿ ನಿಂತಿತು. ಆ ಬಾಗಿಲುಗಳು ಎಳೆದರೆ ತಾವೇ ಕೀಲಿ ಬೀಳುವಂಥವು. ಕೀಲಿಕೈಗಳ ಗೊಂಚಲು ಕಾಕಾನ ಸೊಂಟದಲ್ಲಿ, ಕಾಕಾ ಬೀಳಗಿಯ ಸಂತೆಯಲ್ಲಿ. ನದಿಯ ಕಡೆಗೆ ಓಡಿದೆ. ಬೆವರಿದ ಗಾಜಿನೊಳಗೆ ಹೊರಸಿನಿಂದ ಜೋತುಬಿದ್ದ ಒಂದು ಕೈ ಮಾತ್ರ ಕಂಡಿತು, ಬಳೆಗಳು ಬೆರಳಿನವರೆಗೆ ಜಾರಿದ್ದವು.

ಹಿತ್ತಲಲ್ಲಿದ್ದ ಹಾರೆ ತಂದು ಹೊಡೆದೆ. ಮೊದಲ ಏಟಿಗೆ ಗಾಜು ಬಿರಿಯಲೂ ಇಲ್ಲ. ಎರಡನೆಯದಕ್ಕೂ ಇಲ್ಲ. ಈಗಲೂ ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ನಾನು ಆ ಎರಡನೇ ಏಟಿನಲ್ಲೇ ಸಿಕ್ಕಿಕೊಳ್ಳುತ್ತೇನೆ. ಅದು ಎಷ್ಟನೆಯದಕ್ಕೆ ಒಡೆಯಿತೋ ನೆನಪಿಲ್ಲ. ಕೂಸನ್ನು ಹೊರಗೆ ತಂದೆ, ರೇಣುಕಾಳನ್ನು ಎಳೆದು ತಂದೆ. ಬೀಳಗಿಯ ದವಾಖಾನೆ ಮುಟ್ಟಿ ಆಮ್ಲಜನಕ ಕೊಟ್ಟ ಮೇಲೆ ಕೂಸು ಅತ್ತಿತು. ಸಂಜೆಗೆ ಅವಳು ಕಣ್ಣು ತೆರೆದಳು.

ದವಾಖಾನೆಗೆ ಓಡಿಬಂದ ಕಾಕಾ, ಇಬ್ಬರೂ ಉಳಿದರೆಂದು ಗೊತ್ತಾದ ಮೇಲೆ ಆಡಿದ ಮೊದಲ ಮಾತು: “ಅಷ್ಟ ದೊಡ್ಡ ಗ್ಲಾಸ್ ಒಡಿಯೂಕಿಂತ ಮೊದಲ ನನಗೊಂದು ಫೋನ್ ಹಚ್ಚಬೇಕಿಲ್ಲೇನಲೇ?” ಆಯಿಯದು ಇನ್ನೊಂದು: “ಎಲ್ಲೋ ಸಂದಿ ಉಳದಿತ್ತು. ಗಾಳಿನ ಬಡದೈತಿ.” ಇಂಥವರ ಮುಂದೆ ತಲೆ ಚಚ್ಚಿಕೊಳ್ಳಲು ಅಲ್ಲಿನ ಗೋಡೆಗಳೂ ಸಾಲುತ್ತಿರಲಿಲ್ಲ. ಎರಡು ವರ್ಷ ಇಬ್ಬರ ಮೇಲೂ ಹಲ್ಲು ಕಡಿಯುತ್ತ ಬಂದೆ. ಬಂಧು ಬಳಗದಲ್ಲಿ ಮಾತ್ರ, ತಂಗಿಯ ಜೀವ ಉಳಿಸಿದವ ಎಂದು ನನ್ನ ಹೆಸರು ಓಡಾಡಿತು. ನಾನು ಬೇಡ ಎನ್ನಲಿಲ್ಲ.

ರೇಣುಕಾ ಎರಡನೆಯ ಬಾಣಂತನಕ್ಕೆ ಮುಂದಿನ ತಿಂಗಳು ಬರಬೇಕು. ಮೊನ್ನೆ ಜೋಳ ಹಸನು ಮಾಡುತ್ತಿದ್ದ ಆಯಿ ಇದ್ದಕ್ಕಿದ್ದಂತೆ ಕೇಳಿದಳು.

“ಅವತ್ತ ಆ ಖೋಲ್ಯಾಗ ಏನಿತ್ತೋ?”

“ಕೆಂಡದಿಂದ ಒಂದು ವಿಷದ ಗಾಳಿ ಏಳ್ತೈತಿ ಆಯಿ. ಬಣ್ಣಿಲ್ಲ, ವಾಸನಿಲ್ಲ.”

“ಮತ್ತ ನಿನಗ ಹೆಂಗ ಗೊತ್ತಾತು?”

“ಕಾಲೇಜಿನ್ಯಾಗ ಓದೇನಿ.”

ಅವಳು ಮೊರದಿಂದ ಒಂದು ಹರಳು ಆರಿಸಿ ಆಚೆ ಒಗೆದಳು. “ನನಗ ಗೊತ್ತಿದ್ದಿಲ್ಲ, ಕೆಂಡ ಇಟ್ಟೆ. ನಿನಗ ಗೊತ್ತಿತ್ತು. ನೀ ಯಾಕ ಕಿಡಕಿ ಮೆತ್ತಿದಿ?”

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು.

ಅಂದೇ ಸಂಜೆ ರೇಣುಕಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ: ಅಂಟು ತುಂಬಿದವನು ನಾನು, ಬೆಳಕಿಂಡಿ ಬೇಡವೆಂದವನು ನಾನು. ಬರುವುದೇ ಇಲ್ಲ ಎನ್ನುತ್ತಾಳೆ ಎಂದುಕೊಂಡೆ.

“ಬರ್ತೇನಿ ಅಣ್ಣಾ,” ಎಂದಳು. “ಖರೆ ನನಗ ಖೋಲಿ ಬ್ಯಾಡ. ಮುಂದಿನ ಊಟದ ಹಾಲ್ ಐತೆಲ್ಲಾ, ಮೂರೂ ಕಡೆ ಗ್ವಾಡಿ ಇಲ್ಲದ್ದು, ಅಲ್ಲೇ ಹೊರಸ ಹಾಕು. ಮಗ್ಗಲದಾಗ ನಿಂದೂ ಒಂದು ಹಾಕ್ಕೋ.”