ಕನ್ನಡಿ ಕೋಟೆಯ ರಾಣಿ ಮತ್ತು ನನ್ನ ಮಗಳ ಕುಬಸ

ಪುಣೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ಕೊಡ ಹಿಡಿದು ಹೊರಗೆ ಬಂದರೆ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಿಂದಿನ ದಿನ ಹೆಂಗಸರು ಕಿತ್ತಾಡಿದ ನಳದ ಕೆಳಗೆ ಯಾರದೋ ಬಿಂದಿಗೆ ತುಂಬಿ ಹರಿಯುತ್ತಿತ್ತು. ಯಾರ ಮನೆಯಲ್ಲೋ ಹಾಲು ಉಕ್ಕಿ ಸೀದ ವಾಸನೆ. ಯಾರೋ ತೀರಿಕೊಂಡಿರಬೇಕು, ಮಂದಿಯೆಲ್ಲ ಅಲ್ಲಿಗೆ ಹೋಗಿರಬೇಕು ಎಂದುಕೊಂಡು ಕೊಡ ಕೆಳಗಿಟ್ಟೆ. ಅಷ್ಟರಲ್ಲಿ ಎಲ್ಲ ಮನೆಗಳ ಒಳಗಿಂದ ಒಮ್ಮೆಲೇ ಕುದುರೆ ಓಡುವ ಸಪ್ಪಳ ಬಂತು. ಸಾಲು ಮನೆಗಳಲ್ಲೆಲ್ಲ ಒಂದೇ ಕುದುರೆ! ಟಿವಿಯಲ್ಲಿ ಧಾರಾವಾಹಿ ಸುರುವಾಗಿತ್ತು.

ಅದರ ಕಥೆ ಹೇಳುವ ಮೊದಲು ನಿಮಗೆಲ್ಲ ಒಂದು ಸಿಹಿ ಸುದ್ದಿ, ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ತಲೆತುಂಬ ಕೂದಲು, ಅಂಗೈ ಎಂದರೆ ಆಗ ಬಿಡಿಸಿದ ಹಸಿಕಡಲೆ. ಬರೆಯುವಾಗಲೂ ಕಾಲ ಮೇಲೆ ಮಲಗಿದ್ದಾಳೆ, ಅಕ್ಷರ ಸೊಟ್ಟಗಾಗಿದ್ದರೆ ಅದು ಅವಳದೇ ಕೆಲಸ. ಮೂರನೇ ಇಯತ್ತೆ ಕಲಿತ ನನ್ನ ಕೈಯದೂ ಸ್ವಲ್ಪ ಇರಬಹುದು.

ನಮ್ಮ ಕಡೆ ಮೊದಲ ಬಾಣಂತನ ತವರಲ್ಲಾಗಬೇಕು. ಆದರೆ ಹೋದ ವರ್ಷ ಮಗಳು ಸುವರ್ಣಾಳ ಬಸಿರು ಆರು ತಿಂಗಳಿಗೆ ಹೋಗಿತ್ತು. ಈ ಸಲ ಬಸ್ಸು ಹತ್ತಬೇಡ, ಮನಸ್ಸಿಗೆ ಅಂಜಿಕೆ ತಂದುಕೊಳ್ಳಬೇಡ ಎಂದು ಡಾಕ್ಟರಬಾಯಿ ಹೇಳಿದ್ದರು. ನಮ್ಮ ಮನೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಹೊಲವನ್ನು ಮೈದುನನಿಗೆ ಒಪ್ಪಿಸಿ ನಾನು ಹಿರೋಳ್ಳಿ ಬಿಟ್ಟೆ. ಮಗಳು ತವರಿಗೆ ಬರಲಿಲ್ಲ, ತವರೇ ಮಗಳ ಮನೆಗೆ ನಡೆಯಿತು.

ಮನೆ ಎಂದರೆ ಸಾಲು ಮನೆಗಳ ಚಾಳದಲ್ಲಿ ಒಂದೇ ಕೋಣೆ, ಅದಕ್ಕೆ ಇಲ್ಲಿ ಖೋಲಿ ಅನ್ನುತ್ತಾರೆ. ಊರಲ್ಲಿ ನಮ್ಮ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದು. ಹಿರೋಳ್ಳಿಯಿಂದ ಮಹಾರಾಷ್ಟ್ರ ಕೂಗಳತೆ, ನನಗೆ ಮರಾಠಿ ಚೆನ್ನಾಗಿ ಬರುತ್ತದೆ ಎಂಬ ಜಂಬವಿತ್ತು. ಕಿರಾಣಿ ಅಂಗಡಿಯವನು ನನ್ನ ಮರಾಠಿಯನ್ನು ಕೊನೆಯವರೆಗೆ ಕೇಳಿ ಹಿಂದಿಯಲ್ಲಿ ಉತ್ತರ ಕೊಟ್ಟ. ವಾರವಿಡೀ ಮಗಳು ಅಳಿಯನ ಬಿಟ್ಟು ಇನ್ನೊಬ್ಬರೊಡನೆ ಮಾತಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದ ಖೋಲಿಯ ಹೆಂಗಸು ಬಾಗಿಲಿಗೆ ಬಂದು ನಿಂತಳು. “ಯಾವೂರ್ರಿ ಯಕ್ಕಾ ನಿಮ್ದು? ಈ ಬಡಿತ ನಮ್ಮ ಕಡಿದು” ಅಂದಳು. ಅಫಜಲಪುರದ ನೀಲಮ್ಮ. ಆ ದಿನ ನಾನು ಹೊಟ್ಟೆ ತುಂಬ ಉಂಡೆ.

ನೀಲಮ್ಮನಿಂದ ಜೇವರ್ಗಿಯ ಹಣಮಂತರಾಯನ ಗುರುತಾಯಿತು. ಕಾರ್ಖಾನೆಯೊಂದರಲ್ಲಿ ವಾಚಮನ್. ಧಾರಾವಾಹಿ ಮುಗಿದ ಕೂಡಲೇ ನಮ್ಮ ಕಡೆಯವರೆಲ್ಲ ನಳದ ಹತ್ತಿರ ಸೇರುತ್ತಿದ್ದರು, ವಾದ ಅಡಿಗೆಯ ಹೊತ್ತು ಮೀರಿದರೂ ಮುಗಿಯುತ್ತಿರಲಿಲ್ಲ. ಬಸುರಿ ರಾಣಿಯನ್ನು ಒಬ್ಬ ಮಾಂತ್ರಿಕ ಕನ್ನಡಿ ಕೋಟೆಯಲ್ಲಿ ಕೂಡಿಹಾಕಿದ್ದ. ಅವಳು ಹೊರಗೆ ಬರುತ್ತಾಳೋ ಇಲ್ಲವೋ? ರಾಜ ಹೇಡಿ, ಮಂತ್ರಿಯೇ ಬಿಡಿಸುತ್ತಾನೆ ಎಂದು ನೀಲಮ್ಮನ ಪಕ್ಷ. ಮೂಲ ಕಾದಂಬರಿಯ ಹಿಂದಿ ಪುಸ್ತಕಗಳನ್ನು ಕಾವಲಿನ ಕುರ್ಚಿಯಲ್ಲೇ ಓದಿ ಮುಗಿಸಿದ್ದ ಹಣಮಂತರಾಯ ಮಾತ್ರ ಎಲ್ಲರಿಗೂ ಅಡ್ಡ ತಲೆಯಾಡಿಸುತ್ತಿದ್ದ.

ನನಗೂ ಆ ಕಥೆ ಗೊತ್ತಿತ್ತು. ನಮ್ಮ ಮನೆಯವರು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು. ಎರಡು ಕೂಸುಗಳನ್ನು ಮಣ್ಣಿಗಿಟ್ಟು ಮೂರನೆಯದಾಗಿ ಸುವರ್ಣಾಳನ್ನು ಹೊತ್ತಿದ್ದಾಗ ನಾನು ಅನ್ನ ನೀರು ಬಿಟ್ಟು ಗೋಡೆ ನೋಡುತ್ತ ಕೂಡುತ್ತಿದ್ದೆ. ಆಗ ಅವರು ಆಳಂದದ ಸಂತೆಯಿಂದ ಇದೇ ಕಾದಂಬರಿಯನ್ನು ಉರ್ದುವಿನಲ್ಲಿ ತಂದು ಮಧ್ಯಾಹ್ನ ಓದಿ ಹೇಳುತ್ತಿದ್ದರು. ಕಣ್ಣು ಉರ್ದುವಿನ ಮೇಲೆ, ಬಾಯಲ್ಲಿ ಕನ್ನಡ. ಹಾಗಾಗಿ ನಾನು ನಳದ ಮುಂದೆ ಎದೆ ತಟ್ಟಿ ಹೇಳಿದೆ: ರಾಣಿ ಬದುಕುತ್ತಾಳೆ, ಕೂಸನ್ನೆತ್ತಿಕೊಂಡು ಹೊರಗೆ ಬರುತ್ತಾಳೆ, ನಮ್ಮ ಮನೆಯವರೇ ಓದಿದ್ದಾರೆ.

ಸುವರ್ಣಾ ಅದನ್ನೇ ಹಿಡಿದುಕೊಂಡಳು. ಪ್ರತಿ ಭಾನುವಾರ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತ, “ಅವ್ವಾ, ಅಪ್ಪ ಓದಿದ್ದು ಖರೆ ಅಲ? ಆಕಿ ಉಳೀತಾಳಲ?” ಎಂದು ಕೇಳುತ್ತಿದ್ದಳು. ರಾಣಿ ಉಳಿದರೆ ತಾನೂ ಉಳಿದೇನು ಎಂದು ಒಳಗೊಳಗೇ ಲೆಕ್ಕ ಹಾಕಿದ್ದಳು.

ಮಗಳು ಮಲಗಿದ್ದ ಒಂದು ಮಧ್ಯಾಹ್ನ ಹಣಮಂತರಾಯ ಪುಸ್ತಕ ತಂದು ಹೊಸ್ತಿಲಲ್ಲಿ ಕೂತು ಸಣ್ಣ ದನಿಯಲ್ಲಿ ಓದಿದ. ಹಡೆದ ಗಳಿಗೆಯಲ್ಲೇ ರಾಣಿ ಕನ್ನಡಿ ಕೋಟೆಯಲ್ಲಿ ಸಾಯುತ್ತಾಳೆ. ನಿನ್ನ ಪುಸ್ತಕವೇ ಸುಳ್ಳು ಎಂದು ನಾನು ಅವನ ಮೇಲೆ ಹರಿಹಾಯ್ದೆ.

“ಇಲ್ಲ ಯಕ್ಕಾ. ಹಿಂದಿನಾಗೂ ಇದೇ ಅದ, ಉರ್ದುನಾಗೂ ಇದೇ ಅದ. ನಿಮಗ ಓದಿ ಹೇಳಿದವ್ರು ಬ್ಯಾರೆ ಹೇಳ್ಯಾರ.”

ಆಗ ನನಗೆ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ರಾಣಿಗೆ ನೋವು ಸುರುವಾದಲ್ಲಿಗೆ ಅವರು ಪುಸ್ತಕ ಮುಚ್ಚಿ, ನೀರು ಕುಡಿದು, ಎತ್ತು ನೋಡಿ ಬರುತ್ತೇನೆಂದು ಎದ್ದು ಹೋಗಿದ್ದರು. ಇಂಥಲ್ಲಿ ಯಾರಾದರೂ ನಿಲ್ಲಿಸುತ್ತಾರೇನು ಎಂದು ನಾನು ಸಿಡುಕಿದ್ದೆ. ಬಹಳ ಹೊತ್ತಿನ ಮೇಲೆ ಬಂದು, ಪುಸ್ತಕ ತೆರೆದು, ರಾಣಿ ಹೊರಗೆ ಬಂದ ಕಥೆ ಓದಿದರು. ಎಷ್ಟು ಚಂದ ಬರೆದಿದ್ದಾನೆ ಬರೆದವನು ಎಂದು ಹೊಗಳಿದೆ. ಮುಂದೆ ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಬಾಳಿದೆವು, ಅವರು ಒಮ್ಮೆಯೂ ಹೇಳಲಿಲ್ಲ.

ಅಳಲು ನನಗೆ ಪುರುಸೊತ್ತಿರಲಿಲ್ಲ. ರಾಣಿ ಸಾಯುವ ಭಾಗ ಹತ್ತಿರ ಬಂದಿತ್ತು, ಮಗಳಿಗೆ ಒಂಬತ್ತು ತುಂಬುತ್ತಿತ್ತು. ನಮ್ಮ ಕಡೆಯವರನ್ನೆಲ್ಲ ಕರೆದು ಕೈ ಮುಗಿದೆ. ಅವಳ ಮುಂದೆ ರಾಣಿ ಬದುಕಿದಳೆಂದೇ ಹೇಳಿ ಎಂದೆ. ಹಣಮಂತರಾಯ ಒಪ್ಪಲಿಲ್ಲ.

“ಬರದಾಂವ ಬರದಾನ ಯಕ್ಕಾ. ಅದನ್ನ ತಿದ್ದಾಕ ನಾ ಯಾರು?”

ನೀಲಮ್ಮ ಬಿಡಲಿಲ್ಲ. “ಸಾಹೇಬ್ರು ಒಳಗಿಲ್ಲ ಅಂತ ಗೇಟಿನ್ಯಾಗ ಕುಂತು ದಿನಾ ಹೇಳ್ತಿ. ಈ ಹುಡುಗಿ ಸಲುವಾಗಿ ಒಂದು ಸುಳ್ಳು ಹೇಳಿದ್ರ ನಿನ್ನ ನಾಲಗಿ ಸವೀತದೇನು?”

ರಾಣಿ ಸಾಯುವ ಭಾನುವಾರವೇ ಕುಬಸ ಇಟ್ಟುಕೊಂಡೆವು, ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರ. ಸರಿಯಾಗಿ ಧಾರಾವಾಹಿಯ ಹೊತ್ತಿಗೆ, ಟಿವಿ ಇಲ್ಲದ ನೀಲಮ್ಮನ ಖೋಲಿಯಲ್ಲಿ. ಒಂದು ವಾರವೂ ತಪ್ಪಿಸದ ಹೆಂಗಸರು ರಾಣಿಯನ್ನು ಬಿಟ್ಟು ಬಂದು ನನ್ನ ಮಗಳ ಕೈಗೆ ಹಸಿರು ಬಳೆ ಏರಿಸಿದರು. ಪಕ್ಕದ ಮನೆಯ ಟಿವಿಯಲ್ಲಿ ರಾಣಿ ಚೀರಿದಾಗ ನೀಲಮ್ಮ ದನಿ ಎತ್ತರಿಸಿ ಸೋಬಾನೆ ಹಾಡಿದಳು, ಎಲ್ಲರೂ ಕೂಡಿ ಹಾಡಿದರು. ಸ್ವಲ್ಪ ಹೊತ್ತಿಗೆ ಹಣಮಂತರಾಯ ಬಾಗಿಲಿಗೆ ಬಂದ. ಕಣ್ಣು ಕೆಂಪಾಗಿತ್ತು.

“ಪಾರಾದ್ಲು ನೋಡವ್ವಾ ಸುವರ್ಣಾ. ಕೂಸಿನ್ನ ಎತಗೊಂಡು ಹೊರಗ ಬಂದ್ಲು.”

ಹೇಳಿದವನೇ ಹೋಳಿಗೆ ಉಣ್ಣಲೂ ನಿಲ್ಲದೆ ಹೋಗಿಬಿಟ್ಟ.

ಮುಂದಿನ ಭಾನುವಾರದ ಹೊತ್ತಿಗೆ ನಾವು ಆಸ್ಪತ್ರೆಯಲ್ಲಿದ್ದೆವು. ನರ್ಸಮ್ಮ ಮೊಮ್ಮಗಳನ್ನು ಕೈಗೆ ಕೊಟ್ಟಾಗ ನಾನು ಯಾವ ಭಾಷೆಯಲ್ಲಿ ಏನೇನು ಅಂದೆನೋ, ಆಕೆ ಬಿದ್ದು ಬಿದ್ದು ನಕ್ಕಳು.

ಬಾಣಂತನದಲ್ಲಿ ಸುವರ್ಣಾ ಮತ್ತೆ ಟಿವಿ ಹಚ್ಚಿದಳು. ರಾಣಿಯ ಕೂಸನ್ನು ದಾಸಿ ಸಾಕುತ್ತಿದ್ದಳು, ರಾಣಿಯ ಪಟಕ್ಕೆ ಹಾರ ಬಿದ್ದಿತ್ತು. ಮಗಳು ನನ್ನ ಮುಖ ನೋಡಿದಳು. ನಾನು ಎಲ್ಲ ಹೇಳಿದೆ. ಅಪ್ಪ ತನ್ನನ್ನು ಒಮ್ಮೆಯೂ ಎತ್ತಿ ಮುದ್ದಾಡಿದವನಲ್ಲ ಎಂದು ಸಣ್ಣಂದಿನಿಂದ ಕೊರಗಿದವಳು ಅವಳು.

“ಅಪ್ಪ ನನ್ನ ಸಲುವಾಗಿ ಕಥಿನೇ ತಿರುವಿದನೇನವ್ವಾ?” ಎಂದಳು. ಕೂಸಿಗೆ ಹಾಲು ಕುಡಿಸುತ್ತಲೇ ಬಹಳ ಹೊತ್ತು ಅತ್ತಳು. ನಾನು ತಡೆಯಲಿಲ್ಲ.

ಕೂಸಿಗೆ ಐದು ತಿಂಗಳಾದಾಗ ಒಬ್ಬಳೇ ಹಿರೋಳ್ಳಿಗೆ ಹೋದೆ. ಹೊಲದಲ್ಲಿ ಅವರನ್ನು ಮಣ್ಣಿಗಿಟ್ಟ ಕಟ್ಟೆಯ ಹತ್ತಿರ ಕೂತು, ನನಗೇಕೆ ಹೇಳಲಿಲ್ಲ ಎಂದು ಕೇಳಬೇಕೆಂದಿದ್ದೆ. ಬಾಯಿಂದ ಬಂದದ್ದೆಲ್ಲ ಮೊಮ್ಮಗಳ ಸುದ್ದಿಯೇ. ಬಿಸಿಲೇರಿತು, ಕೂಸಿಗೆ ಎಣ್ಣೆ ತಿಕ್ಕುವ ಹೊತ್ತಾಯಿತೆಂದು ಗಡಬಡಿಸಿ ಎದ್ದೆ. ಕೂಸು ಪುಣೆಯಲ್ಲಿತ್ತು. ಸುತ್ತ ತೊಗರಿ ಹೂ ಬಿಟ್ಟಿತ್ತು, ನಮ್ಮದೇ ಹೊಲ, ನನಗೆ ನಿಲ್ಲಲಾಗಲಿಲ್ಲ. ಪುಣೆಗೆ ಬಂದರೆ ಅವರನ್ನು ಒಬ್ಬರನ್ನೇ ಬಿಟ್ಟು ಬಂದೆನಲ್ಲ ಎಂದು ತುತ್ತು ಇಳಿಯಲಿಲ್ಲ.

ಅಳಿಯನಿಗೆ ಹೇಳಿಟ್ಟಿದ್ದೇನೆ, ನಾನು ಸತ್ತರೆ ಹಿರೋಳ್ಳಿಗೆ ಒಯ್ದು ಅವರ ಪಕ್ಕಕ್ಕೆ ಇಡಬೇಕು. ಉಸಿರಿರುವ ತನಕ ಈ ಖೋಲಿಯಲ್ಲಿ, ಈ ಕೂಸಿನ ಪಕ್ಕಕ್ಕೆ ಮಲಗುತ್ತೇನೆ.